ಗಗನನೌಕೆಗಳೂ ಯಂತ್ರಯೋಧರೂ: ಕೆಲವು ಕಂಪ್ಯೂಟರ್ ಆಟಗಳ ಚರಿತ್ರೆ



ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಕಳೆದ ತಿಂಗಳು ಪತ್ರ ಬರೆದಿದ್ದರು. ಅವರ ಹನ್ನೆರಡು ವರ್ಷದ ಮಗನಿಗೆ ಬಾಹ್ಯಾಕಾಶ ನೌಕೆಗಳ ಕಾಳಗ ಮತ್ತು ದೈತ್ಯ ಯಂತ್ರಯೋಧರ ಕಾಳಗವೆಂದರೆ ಎಲ್ಲಿಲ್ಲದ ಹುಚ್ಚಂತೆ. ಕಂಪ್ಯೂಟರಿನಲ್ಲಿ ಆಡಬಹುದಾದ ಇಂಥ ಆಟಗಳಲ್ಲಿ ಒಳ್ಳೆಯವು ಯಾವುವು ಎಂದು ಕೇಳಿ, ಚರಿತ್ರೆಯ ಮೇಷ್ಟ್ರಿಗೆ ಇಂಥ ಪ್ರಶ್ನೆ ಹಾಕಿದ್ದಕ್ಕೆ ನಗಬೇಡಿ ಎಂದೂ ಸೇರಿಸಿದ್ದರು. ನಾನು ನಗಲಿಲ್ಲ. ಇದೇ ವಿದ್ಯಾರ್ಥಿ ಒಂಬತ್ತನೆಯ ತರಗತಿಯಲ್ಲಿದ್ದಾಗ ಚರಿತ್ರೆಯ ನೋಟ್ ಪುಸ್ತಕದ ಅಂಚಿನಲ್ಲಿ ಯಂತ್ರಮಾನವನ ಚಿತ್ರ ಬರೆದಿದ್ದಕ್ಕೆ, ಇಡೀ ತರಗತಿಯ ಎದುರು ಆ ಪುಟವನ್ನು ಹರಿದುಹಾಕಿದವನು ನಾನು. ಅವರು ಅದನ್ನು ಮರೆತಿರಬಹುದು, ನಾನು ಮರೆತಿಲ್ಲ. ನಿವೃತ್ತಿಯ ನಂತರ ಮೊಮ್ಮಗನ ಪಕ್ಕದಲ್ಲಿ ಕುಳಿತು ಈ ಆಟಗಳಲ್ಲಿ ಕೆಲವನ್ನು ನೋಡಿದ್ದೇನೆ, ಕೆಲವನ್ನು ತಡವರಿಸುತ್ತ ಆಡಿಯೂ ಇದ್ದೇನೆ. ಆದ್ದರಿಂದ ಉತ್ತರವನ್ನು ಎಲ್ಲರೂ ಓದುವಂತೆ ಇಲ್ಲಿಯೇ ಬರೆಯುತ್ತಿದ್ದೇನೆ.

ಈ ಆಟಗಳ ಹೊರಮೈಯೆಲ್ಲ ಕಾಳಗವೇ. ಆದರೆ ಅವುಗಳ ಚರಿತ್ರೆಯನ್ನು ನೋಡುತ್ತ ಹೋದಂತೆ ನನಗೆ ಕಂಡದ್ದು ಬೇರೆ. ಇವುಗಳಲ್ಲಿ ಉತ್ತಮವಾದವೆಲ್ಲ ಆಟಗಾರನಿಗೆ ಒಂದೇ ಪ್ರಶ್ನೆಯನ್ನು ಹಾಕುತ್ತವೆ: ನಿನ್ನ ಬಳಿ ಇರುವುದು ಇಷ್ಟೇ, ಇದನ್ನು ಯಾವುದಕ್ಕೆ ಎಷ್ಟು ಹಂಚುತ್ತೀಯೆ? ಬರಿದೆ ಗುಂಡು ಹಾರಿಸುವ ಆಟಕ್ಕೂ ಸಿಮ್ಯುಲೇಷನ್ ಎನಿಸಿಕೊಳ್ಳುವ ಆಟಕ್ಕೂ ಇರುವ ಅಂತರವೇ ಅದು.

ಮೂಲಪುರುಷನಿಂದಲೇ ಆರಂಭಿಸೋಣ. ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ 1962ರಲ್ಲಿ ಸ್ಟೀವ್ ರಸೆಲ್ ಮತ್ತು ಅವರ ಗೆಳೆಯರು ಪಿಡಿಪಿ-1 ಎಂಬ ಗಣಕಯಂತ್ರದ ಮೇಲೆ 'ಸ್ಪೇಸ್‌ವಾರ್' ಎಂಬ ಆಟವನ್ನು ರಚಿಸಿದರು. ಆ ಯಂತ್ರದ ಸ್ಮೃತಿ ಸುಮಾರು 9 ಕಿಲೋಬೈಟ್. ತೆರೆಯ ಮೇಲೆ ಎರಡು ನೌಕೆಗಳು, ನಡುವೆ ಒಂದು ನಕ್ಷತ್ರ. ಡ್ಯಾನ್ ಎಡ್ವರ್ಡ್ಸ್ ಆ ನಕ್ಷತ್ರಕ್ಕೆ ಗುರುತ್ವಾಕರ್ಷಣೆಯನ್ನು ಕೊಟ್ಟರು. ಪೀಟರ್ ಸ್ಯಾಮ್ಸನ್ ಹಿನ್ನೆಲೆಯಲ್ಲಿ ನಿಜವಾದ ಆಕಾಶದ ನಕ್ಷತ್ರಗಳನ್ನೇ ಜೋಡಿಸಿದರು. ಇಂಧನ ಮಿತವಾಗಿತ್ತು, ಟಾರ್ಪಿಡೊಗಳೂ ಮಿತವಾಗಿದ್ದವು. ಎದುರಾಳಿಯ ಮೇಲೆ ಮಾತ್ರ ಕಣ್ಣಿಟ್ಟವನು ನಕ್ಷತ್ರಕ್ಕೆ ಬಿದ್ದು ಸಾಯುತ್ತಿದ್ದನು. ಮುಂದೆ ಬಂದ ಎಲ್ಲ ಆಟಗಳ ಬೀಜ ಇಲ್ಲಿಯೇ ಇದೆ.

ಇಪ್ಪತ್ತೆರಡು ವರ್ಷಗಳ ನಂತರ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಓದುತ್ತಿದ್ದ ಡೇವಿಡ್ ಬ್ರೇಬನ್ ಮತ್ತು ಇಯಾನ್ ಬೆಲ್ ಎಂಬ ಇಬ್ಬರು ಯುವಕರು 'ಎಲೀಟ್' ಎಂಬ ಆಟವನ್ನು ಮಾಡಿದರು. 1984ರ ಸೆಪ್ಟೆಂಬರಿನಲ್ಲಿ ಅದು ಬಿಬಿಸಿ ಮೈಕ್ರೊ ಎಂಬ ಗೃಹಗಣಕಕ್ಕಾಗಿ ಪ್ರಕಟವಾಯಿತು. ಆ ಗಣಕದ ಸ್ಮೃತಿ 32 ಕಿಲೋಬೈಟ್ ಮಾತ್ರ. ಅಷ್ಟರಲ್ಲಿ ಅವರು 8 ನಕ್ಷತ್ರಮಂಡಲಗಳನ್ನೂ, ಒಂದೊಂದರಲ್ಲಿ 256ರಂತೆ ಒಟ್ಟು 2,048 ಲೋಕಗಳನ್ನೂ ತುಂಬಿದರು! ಅದು ಹೇಗೆಂದರೆ, ಲೋಕಗಳ ವಿವರಗಳನ್ನು ಅವರು ಶೇಖರಿಸಿಡಲೇ ಇಲ್ಲ. ಕೆಲವೇ ಅಂಕೆಗಳ ಒಂದು ಬೀಜವನ್ನಿಟ್ಟುಕೊಂಡು, ನಿಗದಿತ ಗಣಿತಕ್ರಮದಿಂದ ಪ್ರತಿಯೊಂದು ಲೋಕದ ಹೆಸರು, ಸ್ಥಾನ, ಆಳ್ವಿಕೆಯ ಬಗೆ, ಸಂಪತ್ತು ಎಲ್ಲವನ್ನೂ ಬೇಕಾದಾಗ ಹುಟ್ಟಿಸುತ್ತಿದ್ದರು. ಬೀಜ ಅದೇ, ಕ್ರಮ ಅದೇ. ಆದ್ದರಿಂದ ಲೋಕವೂ ಪ್ರತಿಸಲ ಅದೇ. ಪಾಣಿನಿಯ ಸೂತ್ರಗಳನ್ನು ಬಲ್ಲವರಿಗೆ ಈ ಯುಕ್ತಿ ಅಪರಿಚಿತವೆನಿಸಲಾರದು. ಆಟಗಾರನಿಗೆ ದೊರೆಯುತ್ತಿದ್ದುದು ಒಂದು ನೌಕೆ ಮತ್ತು 100 ಕ್ರೆಡಿಟ್ ಹಣ. ಧಾನ್ಯ ಮಾರಿ ನಿಧಾನವಾಗಿ ಬೆಳೆಯಬಹುದು. ಮಾದಕವಸ್ತು ಅಥವಾ ಗುಲಾಮರನ್ನು ಮಾರಿ ಬೇಗ ಬೆಳೆಯಬಹುದು, ಆಗ ಕಾವಲುಪಡೆ ಬೆನ್ನಟ್ಟುತ್ತದೆ. ಹೀಗೇ ನಡೆಯಬೇಕೆಂದು ಆಟ ಎಲ್ಲಿಯೂ ಉಪದೇಶಿಸುವುದಿಲ್ಲ. ಮಗನ ಕೈಗೆ ಇದನ್ನು ಕೊಡುವ ತಂದೆ ಈ ಸಂಗತಿಯನ್ನು ತಿಳಿದು ಕೊಡಬೇಕು. ಆಡಿದ ಮೇಲೆ ಅದರ ಬಗ್ಗೆ ಮಾತಾಡಲೂ ಬೇಕು.

ಎಲೀಟ್ ಆಟಗಾರನನ್ನು ವ್ಯಾಪಾರಿಯನ್ನಾಗಿಸಿತು. ಅವನನ್ನು ಸೈನಿಕನನ್ನಾಗಿಸಿದವು ತೊಂಬತ್ತರ ದಶಕದ ಆಟಗಳು. 1990ರಲ್ಲಿ ಕ್ರಿಸ್ ರಾಬರ್ಟ್ಸ್ ಅವರ 'ವಿಂಗ್ ಕಮಾಂಡರ್' ಕಾಳಗಕ್ಕೆ ಒಂದು ಕತೆಯನ್ನೂ ಸಹಯೋಧರನ್ನೂ ಜೋಡಿಸಿತು. ಎರಡನೆಯ ಮಹಾಯುದ್ಧದ ವಿಮಾನಕಾಳಗದ ಆಟಗಳನ್ನು ಮಾಡಿ ಪಳಗಿದ್ದ ಲಾರೆನ್ಸ್ ಹಾಲೆಂಡ್, ಎಡ್ವರ್ಡ್ ಕಿಲ್ಹ್ಯಾಮ್ ಜೊತೆ ಸೇರಿ, 'ಸ್ಟಾರ್ ವಾರ್ಸ್' ಚಿತ್ರಗಳ ಲೋಕವನ್ನು ಆಧರಿಸಿ 1993ರಲ್ಲಿ 'ಎಕ್ಸ್-ವಿಂಗ್' ಆಟವನ್ನು, ಮರುವರ್ಷ 'ಟೈ ಫೈಟರ್' ಆಟವನ್ನು ರಚಿಸಿದರು. ಎಕ್ಸ್-ವಿಂಗ್ ನೌಕೆಯ ಶಕ್ತಿಯನ್ನು ಎಂಜಿನ್, ಆಯುಧ, ರಕ್ಷಾಕವಚ ಈ ಮೂರರ ನಡುವೆ ಆಟಗಾರನೇ ಹಂಚಬೇಕು. ವೇಗ ಬೇಕೆಂದರೆ ಕವಚ ಸೊರಗುತ್ತದೆ, ಕವಚ ಬಲಿತರೆ ಆಯುಧ ಮಂಕಾಗುತ್ತದೆ. ಕ್ಷಣಕ್ಷಣವೂ ಒಂದು ಆಯವ್ಯಯದ ಲೆಕ್ಕ.

ಟೈ ಫೈಟರ್ ಬಗ್ಗೆ ಚರಿತ್ರೆಯ ಮೇಷ್ಟ್ರಾಗಿ ಒಂದು ಮಾತು ಹೇಳಲೇಬೇಕು. ಇದರಲ್ಲಿ ಆಟಗಾರನು ಕ್ರೂರ ಸಾಮ್ರಾಜ್ಯದ ಪರವಾಗಿ ಹೋರಾಡುತ್ತಾನೆ. ಆದರೆ ಅವನಿಗೆ ಯಾರೂ ಹಾಗೆ ಹೇಳುವುದಿಲ್ಲ. ಮೊದಲ ಕೆಲಸ ಸರಕುನೌಕೆಗಳ ತಪಾಸಣೆ. ಆಮೇಲೆ ತಮ್ಮತಮ್ಮಲ್ಲೇ ಕಾದಾಡುತ್ತಿರುವ ಎರಡು ಜನಾಂಗಗಳ ನಡುವೆ 'ಶಾಂತಿ' ಸ್ಥಾಪನೆ. ಎಲ್ಲವೂ ಸುವ್ಯವಸ್ಥೆಯ ಹೆಸರಿನಲ್ಲಿ. ಮುಸುಕು ಹಾಕಿದ ವ್ಯಕ್ತಿಯೊಬ್ಬ ಬಂದು ಗುಪ್ತ ಆಜ್ಞೆಗಳನ್ನು ಕೊಡುತ್ತಾನೆ, ನೆರವೇರಿಸಿದರೆ ಗುಪ್ತ ಮನ್ನಣೆ ದೊರೆಯುತ್ತದೆ. ಮೊಮ್ಮಗ ಉತ್ಸಾಹದಿಂದ ಆಡುವುದನ್ನು ನೋಡುತ್ತಿದ್ದಾಗ, ಸಹಾಯಕ ಸೈನ್ಯ ಪದ್ಧತಿಯ ಪಾಠವನ್ನು ನಾನು ಎಷ್ಟು ವರ್ಷ ಎಷ್ಟು ನೀರಸವಾಗಿ ಮಾಡಿದೆನೆಂದು ನಾಚಿಕೆಯಾಯಿತು. ಸಾಮ್ರಾಜ್ಯದ ಸೇವಕನು ತನ್ನನ್ನು ದುಷ್ಟನೆಂದು ಎಂದೂ ಭಾವಿಸುವುದಿಲ್ಲವೆಂಬುದನ್ನು ಆ ಆಟ ಒಂದು ಸಂಜೆಯಲ್ಲಿ ತಿಳಿಸಿಬಿಟ್ಟಿತು. ಆದರೆ ಪಕ್ಕದಲ್ಲಿ ಕುಳಿತು "ನೀನು ಈಗ ಯಾರ ಪರ?" ಎಂದು ಕೇಳುವವರಿರಬೇಕು. ಇಲ್ಲದಿದ್ದರೆ ಉಳಿಯುವುದು ಆಜ್ಞೆ ಪಾಲಿಸಿದ ಖುಷಿ ಮಾತ್ರ.

ಇನ್ನು ಯಂತ್ರಯೋಧರ ಕತೆ. ಒಳಗೆ ಮನುಷ್ಯ ಕುಳಿತು ನಡೆಸುವ ದೈತ್ಯಯಂತ್ರವನ್ನು ಅದ್ಭುತ ವೀರನಂತೆ ಕಾಣದೆ ಸೈನ್ಯದ ಸಾಮಗ್ರಿಯಂತೆ ಕಾಣುವ ದೃಷ್ಟಿಯನ್ನು ಜನಪ್ರಿಯಗೊಳಿಸಿದ್ದು ಜಪಾನಿನ ಅನಿಮೇಷನ್ ಸರಣಿಗಳು. 1979ರ 'ಮೊಬೈಲ್ ಸೂಟ್ ಗುಂಡಮ್' ಅವುಗಳಲ್ಲಿ ಪ್ರಮುಖ. ಅಮೆರಿಕದ ಷಿಕಾಗೋ ನಗರದ ಫಾಸಾ ಸಂಸ್ಥೆ 1984ರಲ್ಲಿ 'ಬ್ಯಾಟಲ್‌ಡ್ರಾಯ್ಡ್ಸ್' ಎಂಬ ಹೆಸರಿನಲ್ಲಿ ಮೇಜಿನ ಮೇಲಿನ ಆಟವೊಂದನ್ನು ಹೊರತಂದಿತು. ಮರುವರ್ಷ ಅದು 'ಬ್ಯಾಟಲ್‌ಟೆಕ್' ಆಯಿತು. ಅದರಿಂದ ಹುಟ್ಟಿದ ಕಂಪ್ಯೂಟರ್ ಆಟವೇ 'ಮೆಕ್‌ವಾರಿಯರ್'. ಮೊದಲನೆಯದು ಬಂದದ್ದು 1989ರಲ್ಲಿ. ಹೆಸರು ಮಾಡಿದ್ದು 1995ರ ಎರಡನೆಯದು.

ಇಲ್ಲಿ ಮಿತಿಯ ಹೆಸರು ಶಾಖ. ಪ್ರತಿಯೊಂದು ಆಯುಧ ಹಾರಿಸಿದಾಗಲೂ ಯಂತ್ರ ಕಾಯುತ್ತದೆ. ಎಲ್ಲ ಆಯುಧಗಳನ್ನೂ ಒಮ್ಮೆಲೇ ಪ್ರಯೋಗಿಸಿದರೆ ಶತ್ರು ಉರುಳಬಹುದು, ಆದರೆ ನಿಮ್ಮ ಯಂತ್ರವೂ ಸ್ತಬ್ಧವಾಗಿ ಯುದ್ಧಭೂಮಿಯ ನಡುವೆ ಕಂಬದಂತೆ ನಿಂತುಬಿಡುತ್ತದೆ. ಕಾಳಗಕ್ಕೆ ಮುಂಚಿನ ಲೆಕ್ಕ ಇನ್ನೂ ಸ್ವಾರಸ್ಯಕರ. ಯಂತ್ರಗಳು 20 ಟನ್ನಿನಿಂದ 100 ಟನ್ನಿನವರೆಗೆ ಇರುತ್ತವೆ. ನಿಗದಿಯಾದ ತೂಕದೊಳಗೆ ಎಂಜಿನ್, ಕವಚ, ಆಯುಧ, ಮದ್ದುಗುಂಡು, ಶಾಖ ತಗ್ಗಿಸುವ ಸಾಧನ ಎಲ್ಲವನ್ನೂ ಹೊಂದಿಸಬೇಕು. ಒಂದು ಟನ್ ಇಲ್ಲಿ ಸೇರಿಸಿದರೆ ಅಲ್ಲಿ ಒಂದು ಟನ್ ಕಳೆಯಬೇಕು. ಲೆಕ್ಕವೆಂದರೆ ಓಡುತ್ತಿದ್ದ ನನ್ನ ಮೊಮ್ಮಗ ಇದಕ್ಕಾಗಿ ಕಾಗದ ಪೆನ್ಸಿಲ್ ಹಿಡಿದು ಕುಳಿತದ್ದನ್ನು ನಾನೇ ಕಂಡಿದ್ದೇನೆ.

ಈ ಪರಂಪರೆಯ ಶಿಖರವೆಂದು ಬಹಳ ಜನ ಒಪ್ಪುವುದು 1999ರ 'ಫ್ರೀಸ್ಪೇಸ್ 2' ಆಟವನ್ನು. ಮನುಷ್ಯರು 20 ವರ್ಷ ಶ್ರಮಿಸಿ ಕೊಲೊಸಸ್ ಎಂಬ ಮಹಾನೌಕೆಯನ್ನು ಕಟ್ಟಿರುತ್ತಾರೆ. ಶತ್ರುಗಳ ಒಂದು ಮಹಾನೌಕೆಯನ್ನು ಕೆಡವಿದ ಸಂಭ್ರಮ ಆರುವ ಮೊದಲೇ, ಅಂಥವು ಎಂಬತ್ತಕ್ಕೂ ಹೆಚ್ಚಿವೆ ಎಂದು ತಿಳಿಯುತ್ತದೆ. ಕೊನೆಯ ಕಾಳಗದಲ್ಲಿ ಗೆಲುವೆಂಬುದೇ ಇಲ್ಲ. ಸಿಡಿಯಲಿರುವ ನಕ್ಷತ್ರವೊಂದರ ಬಳಿಯಿಂದ ನಿರಾಶ್ರಿತರ ನೌಕೆಗಳು ಹೊರಡುತ್ತಿರುತ್ತವೆ, ಅವುಗಳನ್ನು ಕಾಯಬೇಕು. ತಾನು ಯಾವಾಗ ಹೊರಡಬೇಕು, ಅಥವಾ ಹೊರಡದೆ ನಿಲ್ಲಬೇಕೆ ಎಂಬುದು ಆಟಗಾರನ ತೀರ್ಮಾನ. ಯುದ್ಧದ ಆಟವೊಂದು ಯುದ್ಧದ ಬಗ್ಗೆ ಇಷ್ಟು ಪ್ರಾಮಾಣಿಕವಾಗಿರಬಲ್ಲದೆಂದು ನಾನು ಎಣಿಸಿರಲಿಲ್ಲ.

ಇಷ್ಟು ಒಳ್ಳೆಯ ಆಟದ ಮಾರಾಟ ಮಾತ್ರ ನಿರಾಶಾದಾಯಕವಾಗಿತ್ತು. 2000ದ ನಂತರ ಜನರ ಮನೆಗಳಿಂದ ಜಾಯ್‌ಸ್ಟಿಕ್‌ಗಳೇ ಮರೆಯಾದವು, ಈ ಬಗೆಯ ಆಟಗಳೂ ವಿರಳವಾದವು. ಆದರೆ ರಚನಕಾರರಾದ ವೊಲಿಷನ್ ಸಂಸ್ಥೆಯವರು 2002ರಲ್ಲಿ ಫ್ರೀಸ್ಪೇಸ್ 2ರ ಮೂಲ ಸಂಕೇತವನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟರು. ಅಂದಿನಿಂದ ಅಭಿಮಾನಿಗಳು ಸಂಬಳವಿಲ್ಲದೆ ಅದನ್ನು ತಿದ್ದಿ ಬೆಳೆಸಿದರು. ಮಠದ ಮೂಲೆಯಲ್ಲಿ ತಾಳೆಗರಿಯನ್ನು ಪ್ರತಿಮಾಡಿ ಉಳಿಸಿದವರ ನೆನಪಾಗುತ್ತದೆ. ಬೆಲೆಯಿಲ್ಲವೆಂದು ಲೋಕ ಬಿಟ್ಟದ್ದನ್ನು ಯಾರೋ ಕೆಲವರು ಎತ್ತಿಟ್ಟುಕೊಳ್ಳದಿದ್ದರೆ ಚರಿತ್ರೆಗೆ ಸಾಮಗ್ರಿಯೇ ಇರುತ್ತಿರಲಿಲ್ಲ.

ಈಗ ಶಿಫಾರಸಿಗೆ ಬರುತ್ತೇನೆ. ಮೊದಲು 'ಎಕ್ಸ್-ವಿಂಗ್' ಅಥವಾ 'ಟೈ ಫೈಟರ್'. 2014ರಲ್ಲಿ ಜಿಒಜಿ ಎಂಬ ಜಾಲಮಳಿಗೆ ಇವೆರಡನ್ನೂ ಹೊಸ ಗಣಕಗಳಲ್ಲಿ ನಡೆಯುವಂತೆ ಮತ್ತೆ ಮಾರಾಟಕ್ಕೆ ತಂದಿತು. ಎರಡನೆಯದಾಗಿ, ಹಳೆಯ ಮೆಕ್‌ವಾರಿಯರ್ ಆಟವನ್ನು ಇಂದಿನ ಯಂತ್ರದಲ್ಲಿ ಓಡಿಸುವುದು ತ್ರಾಸದ ಕೆಲಸವಾದ್ದರಿಂದ, 2019ರ 'ಮೆಕ್‌ವಾರಿಯರ್ 5: ಮರ್ಸೆನರೀಸ್', ಶಾಖ ಮತ್ತು ತೂಕದ ಲೆಕ್ಕ ಅದರಲ್ಲಿಯೂ ಇದೆ. ಮೂರನೆಯದಾಗಿ ಫ್ರೀಸ್ಪೇಸ್ 2. ಹುಡುಗ ಸ್ವಲ್ಪ ಬೆಳೆದ ಮೇಲೆ ಕೊಟ್ಟರೆ ಹೆಚ್ಚು ದಕ್ಕುತ್ತದೆ. ಕೊನೆಯದು ಎಲೀಟ್ ವಂಶದ್ದೇ ಆದ, ಬ್ರೇಬನ್ ಅವರ ಸಂಸ್ಥೆ 2014ರಲ್ಲಿ ಹೊರತಂದ 'ಎಲೀಟ್ ಡೇಂಜರಸ್'. ನಮ್ಮ ಆಕಾಶಗಂಗೆಯ 40,000 ಕೋಟಿ ನಕ್ಷತ್ರಮಂಡಲಗಳನ್ನು ಹುಟ್ಟಿಸುವುದೂ ಹಳೆಯ ಬೀಜದ ಯುಕ್ತಿಯಂಥದ್ದೇ. ಅದಕ್ಕೆ ಅಂತರಜಾಲ ಬೇಕು. ಹುಡುಗ ಒಬ್ಬನೇ ಆಡುವ ವಿಧಾನವನ್ನು ಆರಿಸಿಕೊಡಿ. ಸಾಧ್ಯವಾದರೆ ಒಂದು ಸಾಧಾರಣ ಜಾಯ್‌ಸ್ಟಿಕ್ ಕೊಳ್ಳಿರಿ.

ಪತ್ರ ಬರೆದ ಗೆಳೆಯರೇ, ಕೊನೆಯದಾಗಿ ನಿಮಗೆ. ನಿಮ್ಮ ಮಗನೂ ನೋಟ್ ಪುಸ್ತಕದ ಅಂಚಿನಲ್ಲಿ ಯಂತ್ರಯೋಧನ ಚಿತ್ರ ಬರೆಯುವ ದಿನ ಬಂದೀತು. ಆಗ ಪುಟ ಹರಿಯಬೇಡಿ. ಅದರ ತೂಕ ಎಷ್ಟು ಟನ್ನು, ಕವಚಕ್ಕೆ ಎಷ್ಟು ಬಿಟ್ಟಿದ್ದೀಯೆ ಎಂದು ಕೇಳಿ. ನಾನು ಅಂದು ನಿಮ್ಮನ್ನು ಹಾಗೆ ಕೇಳಬೇಕಾಗಿತ್ತು. ಕ್ಷಮಿಸಿ.