ಕಾವಲಿನ ಸರದಿಯೂ ಪೌರತ್ವದ ಹಕ್ಕೂ
ನ್ಯೂ ಆಮ್‌ಸ್ಟರ್‌ಡಾಮಿನ ಪೌರದಳದ ಇತಿಹಾಸದಿಂದ ಒಂದು ಅಧ್ಯಾಯ

ಊರೊಂದರಲ್ಲಿ ವಾಸಿಸುವುದು ಬೇರೆ, ಆ ಊರಿನವನೆನಿಸಿಕೊಳ್ಳುವುದು ಬೇರೆ. ದುಡಿದು, ತೆರಿಗೆ ತೆತ್ತು ಬಾಳಿದರೂ ಊರಿನವರ ಸಾಲಿನಲ್ಲಿ ನಿಲ್ಲಲು ಅವಕಾಶ ದೊರೆಯದವರ ಉದಾಹರಣೆಗಳು ಜಗತ್ತಿನ ಇತಿಹಾಸದಲ್ಲಿ ಹೇರಳವಾಗಿವೆ. ಶತಮಾನೋತ್ಸವವು ಹಿರಿಯರ ಸಾಧನೆಯನ್ನು ಕೊಂಡಾಡುವ ಸಂದರ್ಭವಾಗಿರುವಂತೆಯೇ, ಒಂದು ಸಮುದಾಯವು ಯಾರನ್ನು ತನ್ನವರೆಂದು ಎಣಿಸಿತು, ಯಾರನ್ನು ಹೊರಗಿಟ್ಟಿತು ಎಂಬುದನ್ನು ಚಿಂತಿಸುವ ಸಂದರ್ಭವೂ ಹೌದು. ಆ ದೃಷ್ಟಿಯಿಂದ, ಹದಿನೇಳನೆಯ ಶತಮಾನದಲ್ಲಿ ದೂರದ ಅಮೆರಿಕದ ಒಂದು ಪುಟ್ಟ ವಸಾಹತಿನಲ್ಲಿ ನಡೆದ ಘಟನೆಯೊಂದನ್ನು ವಾಚಕರ ಮುಂದಿಡಬಯಸುತ್ತೇನೆ.

ಇಂದಿನ ನ್ಯೂಯಾರ್ಕ್ ಮಹಾನಗರದ ಮೂಲ ಹೆಸರು ನ್ಯೂ ಆಮ್‌ಸ್ಟರ್‌ಡಾಂ. 1621ರಲ್ಲಿ ಸ್ಥಾಪಿತವಾದ ಡಚ್ ವೆಸ್ಟ್ ಇಂಡಿಯಾ ಕಂಪನಿಯು ತುಪ್ಪುಳಿನ ಚರ್ಮದ ವ್ಯಾಪಾರಕ್ಕಾಗಿ ಮ್ಯಾನ್‌ಹಟನ್ ದ್ವೀಪದ ತುದಿಯಲ್ಲಿ ಕೋಟೆಯೊಂದನ್ನು ಕಟ್ಟಿಸಿತು. ಅದರ ನೆರಳಿನಲ್ಲಿ ಬೆಳೆದ ಊರು ಚಿಕ್ಕದಾದರೂ ಅಲ್ಲಿ ಕೂಡಿದ್ದ ಜನರು ನಾನಾ ದೇಶದವರು. 1643ರಲ್ಲಿ ಅಲ್ಲಿಗೆ ಬಂದ ಯೇಸುಸಭೆಯ ಗುರು ಐಸಾಕ್ ಜೋಗ್ ಅವರಿಗೆ, ಆ ಊರಿನಲ್ಲಿ ಹದಿನೆಂಟು ಭಾಷೆಗಳನ್ನಾಡುವ ಜನರಿದ್ದಾರೆಂದು ಅಲ್ಲಿನ ಅಧಿಕಾರಿಯೇ ಹೇಳಿದನಂತೆ.

ಆ ನೆಲ ಮೊದಲು ಲೆನಾಪೆ ಮೊದಲಾದ ಮೂಲನಿವಾಸಿಗಳದ್ದಾಗಿತ್ತು. ಅವರೊಡನೆ 1643ರಿಂದ 1645ರವರೆಗೆ ನಡೆದ ಕ್ರೂರ ಯುದ್ಧಕ್ಕೆ ಡಚ್ ಆಡಳಿತದ ದುಡುಕೇ ಮುಖ್ಯ ಕಾರಣವಾಗಿತ್ತು. ಮುಂದೆ ನೆರೆಯ ಇಂಗ್ಲಿಷ್ ವಸಾಹತುಗಳ ಭಯವೂ ಸೇರಿತು. 1653ರಲ್ಲಿ ಊರಿನ ಉತ್ತರಕ್ಕೆ ಅಡ್ಡಗೋಡೆಯೊಂದನ್ನು ಎಬ್ಬಿಸಲಾಯಿತು. ಇಂದಿನ ಪ್ರಸಿದ್ಧ ವಾಲ್ ಸ್ಟ್ರೀಟ್ ಎಂಬ ಹೆಸರು ಆ ಗೋಡೆಯ ಗುರುತು. ಗೋಡೆ ಕಟ್ಟಿದರೆ ಸಾಲದು, ಕಾಯುವವರು ಬೇಕು. ಕಂಪನಿಯ ಸಂಬಳದ ಸಿಪಾಯಿಗಳು ಕೆಲವರೇ ಇದ್ದುದರಿಂದ ಊರಿನ ಗಂಡಸರೇ ಸರದಿಯ ಮೇಲೆ ಕಾವಲು ನಿಲ್ಲಬೇಕಾಗಿತ್ತು. ಇದೇ ಪೌರದಳ.

ಈ ಪದ್ಧತಿ ಡಚ್ಚರು ತಮ್ಮ ತಾಯ್ನಾಡಿನಿಂದ ತಂದದ್ದು. ಹಾಲೆಂಡಿನ ಪ್ರತಿಯೊಂದು ದೊಡ್ಡ ಪಟ್ಟಣದಲ್ಲಿಯೂ ಇಂತಹ ದಳವಿತ್ತು. ವ್ಯಾಪಾರಿಗಳು, ಕಸುಬುದಾರರು ಅದರಲ್ಲಿ ಸೇರುವುದನ್ನು ಗೌರವವೆಂದು ಬಗೆಯುತ್ತಿದ್ದರು. ಮಹಾಚಿತ್ರಕಾರ ರೆಂಬ್ರಾಂಟ್ 1642ರಲ್ಲಿ ಬರೆದ, 'ರಾತ್ರಿಯ ಕಾವಲು' ಎಂದು ಲೋಕವಿಖ್ಯಾತವಾದ ಚಿತ್ರವು ಆಮ್‌ಸ್ಟರ್‌ಡಾಂ ನಗರದ ಅಂತಹ ಒಂದು ದಳದ್ದೇ. ನ್ಯೂ ಆಮ್‌ಸ್ಟರ್‌ಡಾಮಿನಲ್ಲಿಯೂ ದಳಕ್ಕೆ ನಾಯಕರೂ ಉಪನಾಯಕರೂ ಇದ್ದರು; ವ್ಯವಹಾರಗಳನ್ನು ನೋಡಿಕೊಳ್ಳಲು ಪೌರರದೇ ಆದ ಯುದ್ಧಮಂಡಲಿಯಿತ್ತು. ಪೌರನು ಸಂಬಳವಿಲ್ಲದೆ ತನ್ನ ನೆರೆಯವನ ಮನೆಯನ್ನು ಕಾಯುವನು, ನೆರೆಯವನು ಇವನ ಮನೆಯನ್ನು ಕಾಯುವನು. ಈ ಪರಸ್ಪರ ವಿಶ್ವಾಸವೇ ಅದರ ತಳಹದಿ. ಆದುದರಿಂದ, ಯಾರನ್ನು ದಳಕ್ಕೆ ಸೇರಿಸಬೇಕೆಂಬ ಪ್ರಶ್ನೆಯೂ ಯಾರು ನಮ್ಮವರೆಂಬ ಪ್ರಶ್ನೆಯೂ ಒಂದೇ ಆಗಿದ್ದವು.

ಆ ಪ್ರಶ್ನೆ ಎದ್ದುದು 1654ರಲ್ಲಿ. ಬ್ರೆಜಿಲಿನ ರೆಸಿಫೆ ಪಟ್ಟಣವು ಡಚ್ಚರ ಕೈಯಲ್ಲಿದ್ದಾಗ ಅಲ್ಲಿ ಯೆಹೂದ್ಯರ ಸಮುದಾಯವೊಂದು ನೆಲೆಸಿತ್ತು. ಆ ವರ್ಷದ ಜನವರಿಯಲ್ಲಿ ಪೋರ್ಚುಗೀಸರು ಪಟ್ಟಣವನ್ನು ಮರಳಿ ಗೆದ್ದಾಗ ಅವರೆಲ್ಲರೂ ಊರು ಬಿಡಬೇಕಾಯಿತು. ಕಥೋಲಿಕ ರಾಜ್ಯವೊಂದರ ಧರ್ಮವಿಚಾರಣಾ ನ್ಯಾಯಾಲಯದ ಭೀತಿಯೇ ಅವರನ್ನು ಓಡಿಸಿತೆಂಬುದನ್ನು ನಾವು ಮರೆಮಾಚಬಾರದು. ಹಾಗೆ ಹೊರಟವರಲ್ಲಿ ಇಪ್ಪತ್ತಮೂರು ಮಂದಿ ಸೆಪ್ಟೆಂಬರಿನಲ್ಲಿ ನ್ಯೂ ಆಮ್‌ಸ್ಟರ್‌ಡಾಮಿಗೆ ಬಂದಿಳಿದರು.

ಪ್ರಾಂತಾಧಿಪತಿ ಪೀಟರ್ ಸ್ಟೈವಸೆಂಟ್ ಅವರನ್ನು ಹೊರಗಟ್ಟಲು ಅನುಮತಿ ಬೇಡಿ ಕಂಪನಿಗೆ ಬರೆದನು. ಅಲ್ಲಿನ ಪ್ರಾಟೆಸ್ಟಂಟ್ ಬೋಧಕ ಮೆಗಾಪೊಲೆನ್ಸಿಸನೂ 1655ರ ಮಾರ್ಚ್ ತಿಂಗಳಲ್ಲಿ ಅದೇ ಅಭಿಪ್ರಾಯವನ್ನು ಬರೆದು ಕಳುಹಿಸಿದನು. ಊರಿನಲ್ಲಿ ಆಗಲೇ ಕಥೋಲಿಕರು, ಲೂಥರನ ಪಂಥದವರು, ಮೆನ್ನೊನೈಟರು ಮೊದಲಾದವರೆಲ್ಲ ಇರುವಾಗ ಯೆಹೂದ್ಯರೂ ಸೇರಿದರೆ ಗೊಂದಲ ಹೆಚ್ಚುವುದೆಂಬುದು ಅವನ ವಾದ. ಇದೇ ಬೋಧಕನು ಹನ್ನೆರಡು ವರ್ಷಗಳ ಹಿಂದೆ, ಮೊಹಾಕರ ಸೆರೆಯಿಂದ ತಪ್ಪಿಸಿಕೊಂಡ ಐಸಾಕ್ ಜೋಗ್ ಅವರಿಗೆ ಸ್ನೇಹದ ಹಸ್ತ ನೀಡಿ ನೆರವಾಗಿದ್ದನೆಂಬುದು ಇಲ್ಲಿ ಉಲ್ಲೇಖನೀಯ. ಮುಂದೆ 1646ರಲ್ಲಿ ರಕ್ತಸಾಕ್ಷಿಯಾದ ಅವರನ್ನು 1930ರಲ್ಲಿ ಸಂತ ಪದವಿಗೇರಿಸಲಾಯಿತು. ಗಾಯಗೊಂಡ ಒಬ್ಬ ಕಥೋಲಿಕ ಗುರುವಿಗೆ ಮರುಗಿದ ಹೃದಯವು ನಿರ್ಗತಿಕರ ಒಂದು ಗುಂಪಿಗೆ ಮರುಗಲಿಲ್ಲ. ಒಬ್ಬ ಅತಿಥಿಯನ್ನು ಉಪಚರಿಸುವುದು ಸುಲಭ. ಉಳಿಯಲು ಬಂದವರೊಡನೆ ಊರನ್ನು ಹಂಚಿಕೊಳ್ಳುವುದು ಕಷ್ಟ.

ಕಂಪನಿಯ ನಿರ್ದೇಶಕರು 1655ರ ಏಪ್ರಿಲಿನಲ್ಲಿ ಸ್ಟೈವಸೆಂಟನ ಕೋರಿಕೆಯನ್ನು ತಳ್ಳಿಹಾಕಿದರು. ತಮ್ಮ ಬಡವರನ್ನು ತಾವೇ ಸಾಕಿಕೊಳ್ಳುವುದಾದರೆ ಯೆಹೂದ್ಯರು ಅಲ್ಲಿ ನೆಲೆಸಬಹುದೆಂದು ಅಪ್ಪಣೆಯಾಯಿತು. ಬ್ರೆಜಿಲಿನಲ್ಲಿ ಅವರು ಅನುಭವಿಸಿದ ನಷ್ಟವೂ ಕಂಪನಿಯಲ್ಲಿ ಅವರ ಜನರು ತೊಡಗಿಸಿದ್ದ ಬಂಡವಾಳವೂ ಇದಕ್ಕೆ ಕಾರಣಗಳಾಗಿದ್ದವು.

ಉಳಿಯುವ ಹಕ್ಕು ದೊರೆತ ಮೇಲೆ, ಕಾವಲು ನಿಲ್ಲುವ ಹಕ್ಕಿನ ಪ್ರಶ್ನೆ ಬಂದಿತು. ಯೆಹೂದ್ಯರನ್ನೂ ದಳಕ್ಕೆ ಸೇರಿಸಿಕೊಳ್ಳಬೇಕೇ ಎಂದು ದಳದ ಅಧಿಕಾರಿಗಳು ಕೇಳಿದರು. 1655ರ ಆಗಸ್ಟ್ 28ರಂದು ಪ್ರಾಂತಾಧಿಪತಿಯೂ ಅವನ ಸಲಹಾಮಂಡಲಿಯೂ ನೀಡಿದ ನಿರ್ಣಯದ ಸಾರ ಹೀಗಿತ್ತು: ಅವರೊಡನೆ ಸಹಸೈನಿಕರಾಗಿ ನಿಲ್ಲಲು ಪೌರರಿಗೆ ಮನಸ್ಸಿಲ್ಲ, ಹಾಲೆಂಡಿನ ಪಟ್ಟಣಗಳಲ್ಲಿಯೂ ಅವರನ್ನು ದಳಕ್ಕೆ ಸೇರಿಸುವ ರೂಢಿಯಿಲ್ಲ, ಆದಕಾರಣ ಅವರಿಗೆ ಕಾವಲಿನಿಂದ ವಿನಾಯಿತಿ. ಆದರೆ ಈ ವಿನಾಯಿತಿಗಾಗಿ ಹದಿನಾರರಿಂದ ಅರವತ್ತು ವರ್ಷದೊಳಗಿನ ಪ್ರತಿಯೊಬ್ಬ ಯೆಹೂದ್ಯ ಗಂಡಸೂ ತಿಂಗಳಿಗೆ 65 ಸ್ಟೈವರ್ ತೆರಬೇಕು. ಕೊಡದಿದ್ದರೆ ಕಾನೂನಿನ ಮೂಲಕ ವಸೂಲು ಮಾಡತಕ್ಕದ್ದು.

ಇಪ್ಪತ್ತು ಸ್ಟೈವರಿಗೆ ಒಂದು ಗಿಲ್ಡರ್. ಆ ಲೆಕ್ಕದಲ್ಲಿ ಇದು ವರ್ಷಕ್ಕೆ 39 ಗಿಲ್ಡರ್ ಆಗುತ್ತದೆ. ಬಾಗಿಲು ಮುಚ್ಚಿದವರೇ ಒಳಗೆ ಬರಲಿಲ್ಲವೆಂದು ದಂಡ ಹಾಕಿದಂತಾಯಿತು! ಮುಂದಿನ ತಿಂಗಳೇ ಸ್ಟೈವಸೆಂಟನು ದಂಡಿನೊಡನೆ ಸ್ವೀಡಿಷ್ ವಸಾಹತನ್ನು ಗೆಲ್ಲಲು ಹೋಗಿದ್ದಾಗ ಮೂಲನಿವಾಸಿಗಳು ಊರಿನ ಮೇಲೂ ಸುತ್ತಲಿನ ಹೊಲಮನೆಗಳ ಮೇಲೂ ದಾಳಿಮಾಡಿದರು. ಕಾವಲಿಗೆ ಒಂದೊಂದು ಕೈಯೂ ಬೇಕಾಗಿದ್ದ ಆ ಕಾಲದಲ್ಲಿಯೂ ನಿಯಮ ಬದಲಾಗಲಿಲ್ಲ.

1655ರ ನವೆಂಬರ್ 5ರಂದು ಜೇಕಬ್ ಬಾರ್ಸಿಮ್ಸನ್ ಮತ್ತು ಆಸರ್ ಲೆವಿ ಎಂಬ ಇಬ್ಬರು ಯೆಹೂದ್ಯರು ಅರ್ಜಿಯೊಂದನ್ನು ಸಲ್ಲಿಸಿದರು. ತಾವು ಮೈಮುರಿದು ದುಡಿದು ಜೀವಿಸುವವರು. ಇತರ ಪೌರರಂತೆ ತಮಗೂ ಕಾವಲು ನಿಲ್ಲಲು ಅವಕಾಶ ಕೊಡಬೇಕು, ಇಲ್ಲವೇ ತೆರಿಗೆಯಿಂದ ಬಿಡುಗಡೆ ಮಾಡಬೇಕು ಎಂಬುದೇ ಅವರ ಬಿನ್ನಹ. ಹಿಂದಿನ ನಿರ್ಣಯವೇ ಸ್ಥಿರವೆಂದೂ, ಅದರಿಂದ ತಮಗೆ ತೊಂದರೆಯೆಂದು ತೋರಿದರೆ ಅವರು ಯಾವಾಗ ಬೇಕಾದರೂ ಎಲ್ಲಿಗೆ ಬೇಕಾದರೂ ಹೊರಟುಹೋಗಬಹುದೆಂದೂ ಉತ್ತರ ಬಂದಿತು.

ಲೆವಿ ಹೊರಟುಹೋಗಲಿಲ್ಲ. 1657ರಲ್ಲಿ ಊರಿನ ಪೌರತ್ವವನ್ನು ಕ್ರಮಬದ್ಧಗೊಳಿಸಿ, ಪೌರರಾಗಿ ಹೆಸರು ನೋಂದಾಯಿಸಿದವರಿಗೆ ಮಾತ್ರ ವ್ಯಾಪಾರದ ಹಕ್ಕೆಂದು ವಿಧಿಸಿದಾಗ, ಆ ಏಪ್ರಿಲಿನಲ್ಲಿ ಅವನು ನಗರಾಧಿಕಾರಿಗಳ ಮುಂದೆ ಬಂದು ನಿಂತನು. ಇತರ ಪೌರರಂತೆ ತಾನೂ ಕಾವಲು ಕಾಯುತ್ತಿರುವೆನಾದುದರಿಂದ ಪೌರತ್ವವನ್ನು ನಿರಾಕರಿಸಲಾಗದೆಂಬುದು ಅವನ ವಾದವಾಗಿತ್ತು. ಎರಡು ವರ್ಷಗಳ ಹಿಂದೆ ತನ್ನನ್ನು ಹೊರಗಿಟ್ಟ ಆ ಕಾವಲಿನ ಸಾಲಿನಲ್ಲಿಯೇ ಅವನು ಈಗ ನಿಂತಿದ್ದನು. ಅದನ್ನೇ ತನ್ನ ಹಕ್ಕಿನ ಸಾಕ್ಷ್ಯವನ್ನಾಗಿ ಮುಂದಿಟ್ಟನು. ನಗರಾಧಿಕಾರಿಗಳು ಒಪ್ಪಲಿಲ್ಲ. ಆದರೆ ಯೆಹೂದ್ಯ ಮುಖಂಡರು ಮೇಲಿನವರಿಗೆ ಮನವಿ ಮಾಡಿಕೊಂಡಾಗ, ಅವರನ್ನು ಪೌರರನ್ನಾಗಿ ಸೇರಿಸಿಕೊಳ್ಳಬೇಕೆಂದು ಸ್ಟೈವಸೆಂಟನೂ ಸಲಹಾಮಂಡಲಿಯೂ ಆಜ್ಞಾಪಿಸಬೇಕಾಯಿತು. 1660ರಲ್ಲಿ ಲೆವಿ ಊರಿನ ಅಧಿಕೃತ ಕಸಾಯಿಗಳಲ್ಲಿ ಒಬ್ಬನಾದನು. ಅವನ ಧರ್ಮನಿಯಮವನ್ನು ಮನ್ನಿಸಿ ಹಂದಿ ಕಡಿಯುವುದರಿಂದ ಅವನಿಗೆ ವಿನಾಯಿತಿಯನ್ನೂ ಕೊಡಲಾಯಿತು. ಈ ಸಾರಿ ವಿನಾಯಿತಿಗೆ ದಂಡವಿರಲಿಲ್ಲ!

ಇದು ಪರರ ಕಥೆಯೆಂದು ಕಥೋಲಿಕರು ಭಾವಿಸಬೇಕಾಗಿಲ್ಲ. ಕಥೋಲಿಕ ಕುಟುಂಬವೊಂದರ ಒಡೆತನದಲ್ಲಿ 1634ರಲ್ಲಿ ನೆಲೆಗೊಂಡ ಮೇರಿಲ್ಯಾಂಡ್ ವಸಾಹತಿನಲ್ಲಿಯೇ, ಕಾಲ ತಿರುಗಿದಾಗ, ಕಥೋಲಿಕರಿಗೆ ಪೌರಸೇನೆಯಲ್ಲಿ ಸ್ಥಾನವಿಲ್ಲವಾಯಿತು. ಫ್ರೆಂಚರೊಡನೆ ಯುದ್ಧ ನಡೆಯುತ್ತಿದ್ದ 1756ರಲ್ಲಿ ಅವರ ಭೂಮಿಯ ಮೇಲೆ ದುಪ್ಪಟ್ಟು ತೆರಿಗೆಯನ್ನೂ ಹೇರಲಾಯಿತು. ಅದೇ ಮೇರಿಲ್ಯಾಂಡಿನ ಚಾರ್ಲ್ಸ್ ಕ್ಯಾರೊಲ್, 1776ರ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿಹಾಕಿದವರಲ್ಲಿ ಏಕೈಕ ಕಥೋಲಿಕರು. ಆದರೂ ಅದೇ ವರ್ಷ ರಚಿತವಾದ ಆ ರಾಜ್ಯದ ಸಂವಿಧಾನವು ಅಧಿಕಾರಸ್ಥಾನಗಳನ್ನು ಕ್ರೈಸ್ತರಿಗೆ ಮಾತ್ರ ತೆರೆಯಿತು. ಯೆಹೂದ್ಯರು ಇನ್ನೂ ಐವತ್ತು ವರ್ಷ, 1826ರವರೆಗೆ, ಕಾಯಬೇಕಾಯಿತು. ಬಾಗಿಲಲ್ಲಿ ನಿಂತು ನೊಂದವರೂ ಒಳಗೆ ಬಂದ ಮೇಲೆ ಹಿಂದಿರುವವರನ್ನು ಮರೆಯುವರೆಂಬುದಕ್ಕೆ ಇದು ಸಾಕ್ಷಿ.

ನಮ್ಮ ದೇಶದಲ್ಲಿಯೂ ಬ್ರಿಟಿಷರ ಕಾಲದ ಸ್ವಯಂಸೇವಕ ದಳಗಳು ಬಹುಮಟ್ಟಿಗೆ ಐರೋಪ್ಯರ ಹಾಗೂ ಆಂಗ್ಲೋ-ಇಂಡಿಯನ್ನರ ಸ್ವತ್ತಾಗಿದ್ದವು. ಭಾರತೀಯರನ್ನೂ ಸ್ವಯಂಸೇವಕರಾಗಿ ಸೇರಿಸಿಕೊಳ್ಳಬೇಕೆಂದು 1886ರ ಕಲ್ಕತ್ತಾ ಕಾಂಗ್ರೆಸ್ ಅಧಿವೇಶನವು ಸರಕಾರವನ್ನು ಕೇಳಿತು. ಇಲ್ಲಿಯೂ ಬೇಡಿದುದು ಹೊಣೆಯನ್ನೇ.

ಸೌಲಭ್ಯ ಕೇಳಲು ಬರುವವರನ್ನು ಸಂದೇಹದಿಂದ ನೋಡುವುದು ಮಾನವಸ್ವಭಾವ. ಆದರೆ ಭಾರ ಹೊರಲು ತಾನಾಗಿ ಬಂದವನನ್ನು ತಿರುಗಿಸಿ ಕಳುಹಿಸುವುದು ಅವನಿಗೂ ಊರಿಗೂ ಮಾಡುವ ಅನ್ಯಾಯ. ಯಾವುದೇ ಊರಿನಲ್ಲಾಗಲಿ, ಸಂಘದಲ್ಲಾಗಲಿ, ಧರ್ಮಕೇಂದ್ರದಲ್ಲಾಗಲಿ, ಹಣ ಮಾತ್ರ ಪಡೆದು ಕೆಲಸದಲ್ಲಿ ಪಾಲು ಕೊಡದಿದ್ದರೆ, ನಾವು ಸಹೋದರನನ್ನು ಬಾಡಿಗೆದಾರನನ್ನಾಗಿ ಮಾಡಿದಂತೆ. ಮುಂದಿನ ನೂರು ವರ್ಷಗಳ ಕಾವಲಿನ ಸರದಿಯನ್ನು ಬರೆಯುವಾಗ ಆ ಪಟ್ಟಿಯಲ್ಲಿ ಯಾರ ಹೆಸರೂ ಬಿಟ್ಟುಹೋಗದಿರಲಿ.