ತಿಗಳರು ಯಾರು, ತಮಿಳರು ಯಾರು?

ಬೆಂಗಳೂರಿನ ಇಂದಿರಾನಗರದ ಪಕ್ಕದ ದೊಮ್ಮಲೂರಿನಲ್ಲಿ ಚೊಕ್ಕನಾಥಸ್ವಾಮಿ ಗುಡಿಯಿದೆ. ಅಲ್ಲಿರುವ 13ನೇ ಶತಮಾನದ ಶಾಸನಗಳು ತಮಿಳಿನವು. ಊರಿಗೆ ದೇಶಿಮಾಣಿಕ್ಕಪಟ್ಟಣ ಎಂಬ ಹೆಸರನ್ನೂ ಕೊಟ್ಟಿವೆ. ಕೆತ್ತಿಸಿದವರ ಪಾಲಿಗೆ ಆ ನುಡಿ ತಮಿೞ್. ಕನ್ನಡಿಗರ ಬಾಯಲ್ಲಿ ತಿಗುೞ. ತಮಿೞ್ ಎಂಬುದೇ ಹೀಗೆ ಹೊರಳಿಕೊಂಡಿತೆಂದು ಬಲ್ಲವರ ಮತ. ೞಕಾರ ಅಳಿದ ಮೇಲೆ ತಿಗುಳ, ಆಮೇಲೆ ತಿಗಳ.

ಈ ಪದ ಶಾಸನಗಳಲ್ಲಿ ಕಾಣುವುದು ರಣರಂಗದ ಸದ್ದಿನ ನಡುವೆ. ವಿಷ್ಣುವರ್ಧನನ ದಂಡನಾಯಕ ಗಂಗರಾಜ ಗಂಗವಾಡಿಯಿಂದ ತಿಗುಳರನ್ನು ಓಡಿಸಿದನೆಂದು ಶ್ರವಣಬೆಳಗೊಳದ ಶಾಸನ ಹೊಗಳುತ್ತದೆ. ಆ ತಿಗುಳರು ತಲಕಾಡನ್ನು ಹಿಡಿದಿದ್ದ ಚೋಳರ ಕಡೆಯವರು. 12ನೇ ಶತಮಾನದ ಕನ್ನಡಕ್ಕೆ ತಿಗುಳನೆಂದರೆ ಗಡಿಯಾಚೆಯ ಹಗೆ.

ಬೆಂಗಳೂರಿನಲ್ಲಿ ಅದೇ ಪದ ಕತ್ತಿ ಕೆಳಗಿಟ್ಟು ಗುದ್ದಲಿ ಹಿಡಿಯಿತು. ಕೆರೆಯ ಕೆಳಗೆ ಹೂವು, ಸೊಪ್ಪು, ತರಕಾರಿ ಬೆಳೆದ ತೋಟಗಾರರಿಗೆ ಆ ಹೆಸರು ನಿಂತಿತು. ಪೇಟೆಯಲ್ಲಿ ತಿಗಳರಪೇಟೆ ಹುಟ್ಟಿತು. ಅಲ್ಲಿನ ಧರ್ಮರಾಯನ ಗುಡಿಯಿಂದ ಚೈತ್ರದ ಹುಣ್ಣಿಮೆಯ ರಾತ್ರಿ ಹೊರಡುವ ಕರಗ ಅವರದೇ. ಅವರು ತೋಟ ಮಾಡಿದ್ದ ಸಂಪಂಗಿ ಕೆರೆಯ ಅಂಗಳದಲ್ಲಿ ಈಗ ಕಂಠೀರವ ಕ್ರೀಡಾಂಗಣ. ಉಳಿದ ತುಸು ನೀರಿನ ಬಳಿಗೆ ಕರಗದ ಆಚರಣೆ ಇಂದಿಗೂ ಹೋಗುತ್ತದೆ.

1809ರಲ್ಲಿ ಹಲಸೂರಿನ ಮಗ್ಗುಲಲ್ಲಿ ಬ್ರಿಟಿಷರ ದಂಡು ಬೀಡುಬಿಟ್ಟಿತು. ಮದ್ರಾಸ್ ಕಡೆಯ ಸಿಪಾಯಿಗಳ ಹಿಂದೆಯೇ ತಮಿಳಾಡುವ ವ್ಯಾಪಾರಿಗಳು, ಅಡುಗೆಯವರು, ಕೂಲಿಗಳು ಬಂದರು. ಹಳೆಯ ಅರ್ಥದಲ್ಲಿ ಇವರೂ ತಿಗಳರೇ. ಆದರೆ ಈಗ ಶಿವಾಜಿನಗರದ ತಮಿಳರನ್ನು ಯಾರೂ ಹಾಗೆ ಕರೆಯುವುದಿಲ್ಲ. ನುಡಿಯ ಹೆಸರಾಗಿದ್ದದ್ದು ಜಾತಿಯ ಹೆಸರಾಗಿಬಿಟ್ಟಿದೆಯಲ್ಲ, ಹೊಸಬರಿಗೆ ಅದರಲ್ಲಿ ಜಾಗ ಸಿಗಲಿಲ್ಲ ಅಂತ ನನ್ನ ಊಹೆ. ಹೀಗಳೆಯಬೇಕೆಂದವರು ಕೊಂಗುನಾಡಿನಿಂದ ಎತ್ತಿಕೊಂಡ ‘ಕೊಂಗ’ ಅನ್ನುತ್ತಾರೆ. ಅದು ಕೇಡಿನ ಮಾತು, ಬಿಡಿ.

ಅತ್ತ ತಿಗಳರಲ್ಲಿ ಕನ್ನಡ, ತೆಲುಗು ಬೆರೆತ ತಮಿಳಾಡುವ ಮನೆಗಳಿವೆ. ಕನ್ನಡವನ್ನಷ್ಟೇ ಆಡುವ ಮನೆಗಳೂ ಇವೆ. ತಾವು ಹೇಳಿಕೊಳ್ಳುವ ಹೆಸರು ಬೇರೆ: ಅಗ್ನಿಯ ಕುಲದವರು, ವಹ್ನಿಕುಲ ಕ್ಷತ್ರಿಯರು. ಸರ್ಕಾರದ ಜಾತಿಪಟ್ಟಿಯಲ್ಲಿ ಪಕ್ಕದ ಮನೆಯವರು ಇಟ್ಟ ಹಳೆಯ ಹೆಸರು ತಿಗಳವೂ ಇದೆ.

ಉತ್ತರ ಆಫ್ರಿಕದ ಬರ್ಬರರ ಪಾಡೂ ಇಂಥದೇ, ಇನ್ನೂ ಕಹಿ. ತಮಗೆ ತಿಳಿಯದ ಮಾತನ್ನು ಆಡುವವರನ್ನೆಲ್ಲ ಗ್ರೀಕರು ‘ಬಾರ್ಬರೊಸ್’ ಎಂದರು. ಅದರ ಬಳಿಯ ‘ಬರ್ಬರ’ ಸಂಸ್ಕೃತದಲ್ಲೂ ಇದ್ದು, ಕನ್ನಡ ಪತ್ರಿಕೆಗಳ ‘ಬರ್ಬರ ಹತ್ಯೆ’ಯಲ್ಲಿ ದಿನವೂ ಅಚ್ಚಾಗುತ್ತಿದೆ. ಆದರೆ ಬರ್ಬರರು ತಮ್ಮನ್ನು ಕರೆದುಕೊಳ್ಳುವುದು ಅಮಾಜಿಗ್ ಎಂದು, ನುಡಿಯನ್ನು ತಮಾಜಿಗ್ತ್ ಎಂದು. ಆ ಹೆಸರಿನಲ್ಲೇ ನುಡಿಗೆ ಮೊರಾಕ್ಕೊ 2011ರಲ್ಲಿ, ಅಲ್ಜೀರಿಯ 2016ರಲ್ಲಿ ಸಂವಿಧಾನದೊಳಗೆ ಅಧಿಕೃತ ಸ್ಥಾನ ಕೊಟ್ಟವು.

ನಮ್ಮ ತಿಗಳ ಕರಾವಳಿಗೂ ಹೋಗಿ ಕೂತಿದೆ. ಗ್ರಂಥಲಿಪಿಯ ಬಳಗದ ‘ತಿಗಳಾರಿ’ ಲಿಪಿಯ ಹೆಸರಿನಲ್ಲಿರುವುದು ಇದೇ ಪದ ಅನ್ನುತ್ತಾರೆ. ತುಳುವರಿಗೆ ಅದು ತುಳು ಲಿಪಿ. 2024ರಲ್ಲಿ ಯುನಿಕೋಡ್ ಅದನ್ನು ಸೇರಿಸಿಕೊಂಡಾಗ ಎರಡನ್ನೂ ಬಿಡದೆ ‘ತುಳು-ತಿಗಳಾರಿ’ ಎಂದು ಬರೆದುಕೊಂಡಿತು.