ನಾಯಿಗೆ ಸ್ಟ್ರೋಕ್ ಆದಾಗ ರಕ್ತ ಹೆಪ್ಪುಗಟ್ಟುವಿಕೆ ಪರೀಕ್ಷೆ ಯಾಕೆ ಬೇಕು? ಮಾತ್ರೆ ಕೊಡುವ ಮುನ್ನ ತಿಳಿದಿರಲಿ

ರಾತ್ರಿವರೆಗೂ ಚೆನ್ನಾಗಿ ಓಡಾಡಿಕೊಂಡಿದ್ದ ನಾಯಿ ಬೆಳಗ್ಗೆ ಏಳಲಾಗದೆ ಒಂದು ಕಡೆ ವಾಲುತ್ತದೆ. ತಲೆ ಓರೆಯಾಗಿದೆ, ಕಣ್ಣುಗುಡ್ಡೆ ಅತ್ತಿತ್ತ ಚಲಿಸುತ್ತಿದೆ. 'ಲಕ್ವ ಹೊಡೆದಿದೆ' ಎಂದುಕೊಂಡು ಮನೆಯ ಹಿರಿಯರ ಔಷಧಿ ಡಬ್ಬಿಯಿಂದ ಆಸ್ಪಿರಿನ್ ಮಾತ್ರೆ ಕೊಟ್ಟುಬಿಟ್ಟರೆ ನಾಯಿಯ ಜೀವಕ್ಕೇ ಅಪಾಯವಾಗಬಹುದು.

ಸ್ಟ್ರೋಕ್‌ನಲ್ಲಿ ಎರಡು ಬಗೆ

ನಾಯಿಗಳಲ್ಲೂ ಸ್ಟ್ರೋಕ್ ಎರಡು ರೀತಿ ಆಗುತ್ತದೆ. ಒಂದು, ಹೆಪ್ಪುಗಟ್ಟಿದ ರಕ್ತ ಮಿದುಳಿನ ರಕ್ತನಾಳವನ್ನು ಮುಚ್ಚುವುದು. ಇನ್ನೊಂದು, ರಕ್ತನಾಳ ಒಡೆದು ಮಿದುಳಿನೊಳಗೆ ರಕ್ತಸ್ರಾವವಾಗುವುದು. ಹೊರಗಿನಿಂದ ನೋಡಿದರೆ ಎರಡೂ ಒಂದೇ. ರಕ್ತಸ್ರಾವವಾಗಿರುವಾಗ ಆಸ್ಪಿರಿನ್ ಕೊಟ್ಟರೆ ಅದು ಇನ್ನಷ್ಟು ಹೆಚ್ಚಬಹುದು. ಸ್ಟ್ರೋಕ್ ಹೌದೋ ಅಲ್ಲವೋ, ಯಾವ ಬಗೆಯದು ಎಂದು ತಿಳಿಯಲು ಸ್ಕ್ಯಾನ್, ಮುಖ್ಯವಾಗಿ ಎಂಆರ್‌ಐ ಬೇಕು. ಕಾರಣ ಏನಿರಬಹುದು, ಯಾವ ಔಷಧಿ ಸುರಕ್ಷಿತ ಎಂಬುದಕ್ಕೆ ರಕ್ತ ಪರೀಕ್ಷೆ ನೆರವಾಗುತ್ತದೆ.

ಯಾವೆಲ್ಲ ಪರೀಕ್ಷೆ?

ಪ್ಲೇಟ್‌ಲೆಟ್ ಎಣಿಕೆ: ಆರೋಗ್ಯವಂತ ನಾಯಿಯಲ್ಲಿ ಪ್ರತಿ ಮೈಕ್ರೋಲೀಟರ್ ರಕ್ತಕ್ಕೆ ಸಾಮಾನ್ಯವಾಗಿ 2 ಲಕ್ಷದಿಂದ 5 ಲಕ್ಷ ಪ್ಲೇಟ್‌ಲೆಟ್ ಇರುತ್ತವೆ. ಭಾರತದಲ್ಲಿ ಇವು ಕಡಿಮೆಯಾಗಲು ಸಾಮಾನ್ಯ ಕಾರಣ ಉಣ್ಣೆ ಕಡಿತದಿಂದ ಬರುವ ಎರ್ಲಿಕಿಯೋಸಿಸ್ ಜ್ವರ. ಸಂಖ್ಯೆ ತೀರಾ ಕುಸಿದರೆ ಗಾಯವಿಲ್ಲದೆಯೂ ರಕ್ತಸ್ರಾವವಾಗಬಹುದು.

ಪಿಟಿ ಮತ್ತು ಎಪಿಟಿಟಿ: ರಕ್ತ ಹೆಪ್ಪುಗಟ್ಟಲು ಎಷ್ಟು ಸೆಕೆಂಡ್ ಬೇಕು ಎಂಬುದನ್ನು ಇವು ಅಳೆಯುತ್ತವೆ. ಬ್ರೊಮಾಡಿಯೋಲೋನ್‌ನಂಥ ಇಲಿ ವಿಷ ತಿಂದ ನಾಯಿಯಲ್ಲಿ ಮೊದಲು ಪಿಟಿ ಸಮಯ ಹೆಚ್ಚುತ್ತದೆ. ಆದರೆ ಮೊದಲ ಒಂದೆರಡು ದಿನ ವರದಿ ಸಹಜವಾಗಿಯೇ ಬರಬಹುದು. ಇದಕ್ಕೆ ವಿಟಮಿನ್ ಕೆ1 ಮದ್ದು ಇದೆ.

ಡಿ-ಡೈಮರ್: ದೇಹದಲ್ಲಿ ಎಲ್ಲೋ ಹೆಪ್ಪು ಉಂಟಾಗಿ ಕರಗುತ್ತಿದೆ ಎಂಬ ಸುಳಿವು ಕೊಡುತ್ತದೆ. ಬೇರೆ ಕಾಯಿಲೆಗಳಲ್ಲೂ ಹೆಚ್ಚುವುದರಿಂದ ಇದೊಂದನ್ನೇ ನಂಬುವಂತಿಲ್ಲ.

ಪಿಟಿ, ಎಪಿಟಿಟಿಗೆ ಸಿಟ್ರೇಟ್ ಇರುವ ಟ್ಯೂಬ್‌ನಲ್ಲಿ 9 ಪಾಲು ರಕ್ತಕ್ಕೆ 1 ಪಾಲು ಸಿಟ್ರೇಟ್ ಇರಬೇಕು. ಟ್ಯೂಬ್ ಅರ್ಧ ತುಂಬಿದರೆ ವರದಿಯೇ ತಪ್ಪಾಗುತ್ತದೆ. ಇದರ ಜೊತೆಗೆ ರಕ್ತದೊತ್ತಡ, ಮೂತ್ರಪಿಂಡ ಮತ್ತು ಹಾರ್ಮೋನ್ ಪರೀಕ್ಷೆಯೂ ಬೇಕಾಗಬಹುದು.

ಮಾಲೀಕರು ಏನು ಮಾಡಬೇಕು?

ನಾಯಿ ವಾಲಿದ ಕೂಡಲೇ ಅದು ಸ್ಟ್ರೋಕ್ ಎನ್ನಲಾಗದು. ಒಳಕಿವಿಯ ಸೋಂಕು ಅಥವಾ ವಯಸ್ಸಾದ ನಾಯಿಗಳಿಗೆ ಬರುವ ಸಮತೋಲನದ ತೊಂದರೆಯಲ್ಲೂ ಹೀಗೇ ಆಗುತ್ತದೆ. ಲಕ್ಷಣಗಳ ವಿಡಿಯೊ ಮಾಡಿಕೊಳ್ಳಿ. ಉಣ್ಣೆ ಕಂಡಿದ್ದರೆ, ಇಲಿ ವಿಷ ಇಟ್ಟಿದ್ದರೆ, ಯಾವುದಾದರೂ ಮಾತ್ರೆ ಕೊಟ್ಟಿದ್ದರೆ ಮುಚ್ಚಿಡದೆ ವೈದ್ಯರಿಗೆ ತಿಳಿಸಿ.

ಬೆಂಗಳೂರಿನವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಅಹಮದಾಬಾದ್‌ನ ಚಾಂದ್‌ಖೇಡಾದಂಥ ಬಡಾವಣೆಗಳಲ್ಲಿರುವ ಕನ್ನಡಿಗರು ಮೊದಲು ಹತ್ತಿರದ ಪಶುವೈದ್ಯರನ್ನು ಕಾಣಬೇಕು. ಹೆಚ್ಚಿನ ತಪಾಸಣೆ ಬೇಕೆಂದರೆ ಆನಂದ್‌ನಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. ಹೆಪ್ಪಿನಿಂದ ಸ್ಟ್ರೋಕ್ ಆದ ಎಷ್ಟೋ ನಾಯಿಗಳು ಸರಿಯಾದ ಆರೈಕೆ ಸಿಕ್ಕರೆ ಕೆಲವೇ ವಾರಗಳಲ್ಲಿ ಮತ್ತೆ ನಡೆದಾಡುತ್ತವೆ.